ನಲವತ್ತಾರಕ್ಕೆ ಕ್ಲಾರಿನೆಟ್ ಹಿಡಿದಿದ್ದೇನೆ, ಮೌತ್‌ಪೀಸ್ ಯಾವುದು ತಗೊಳ್ಳಲಿ?

ತಡವಾಗಿ_ಬಂದವ, ಮೈಸೂರು

ಎಲ್ಲರಿಗೂ ನಮಸ್ಕಾರ. ಸಂಗೀತ ಕಲಿತವನಲ್ಲ, ಕೇಳಿ ಬೆಳೆದವನು. ಚಿಕ್ಕವನಿದ್ದಾಗ ದಸರಾಕ್ಕೆ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಎಲ್ಲರೂ ಆನೆ ನೋಡುತ್ತಿದ್ದರೆ ನಾನು ಪೊಲೀಸ್ ಬ್ಯಾಂಡಿನಲ್ಲಿ ಆ ಕಪ್ಪು ಕೊಳವೆ ಊದುವವರನ್ನೇ ನೋಡುತ್ತಿದ್ದೆ. ಅದರ ಹೆಸರು ಕ್ಲಾರಿನೆಟ್ ಅಂತ ಗೊತ್ತಾಗಿದ್ದು ಕಾಲೇಜಿಗೆ ಬಂದ ಮೇಲೆ. ಕೊಂಡಿದ್ದು ಎರಡು ತಿಂಗಳ ಹಿಂದೆ.

ಸೆಕೆಂಡ್ ಹ್ಯಾಂಡ್. ಬಿ ಫ್ಲ್ಯಾಟ್, ಬೋಮ್ ಸಿಸ್ಟಂ (ಈಗ ಸಾಮಾನ್ಯವಾದ ಕೀ ಜೋಡಣೆ), ಪ್ಲಾಸ್ಟಿಕ್ ಮೈ. ಪ್ಯಾಡ್ ಎಲ್ಲ ಹೊಸದಾಗಿ ಹಾಕಿಸಿದ್ದೇನೆ. ಪೆಟ್ಟಿಗೆಯಲ್ಲಿ ಒಂದು ಮೌತ್‌ಪೀಸ್ ಇತ್ತು. ಅದರ ಮೇಲೆ ಹೆಸರಿಲ್ಲ, ನಂಬರಿಲ್ಲ. ಅದರಲ್ಲೇ ಊದುತ್ತಿದ್ದೇನೆ. ಕೆಳಗಿನ ಸ್ವರಗಳು ಹೇಗೋ ಬರುತ್ತವೆ. ಮೇಲೆ ಹೋಗೋಣ ಅಂತ ಹೆಬ್ಬೆರಳಿನ ರಿಜಿಸ್ಟರ್ ಕೀ ಒತ್ತಿದರೆ ಕೀಚ್ ಅಂತ ಕಿರುಚುತ್ತದೆ. ಪಕ್ಕದ ಮನೆಯ ನಾಯಿ ಎದ್ದು ಬೊಗಳುತ್ತದೆ.

ವಾರಕ್ಕೊಮ್ಮೆ ಪಾಠ ಹೇಳುವ ಮೇಷ್ಟ್ರು ವ್ಯಾಂಡೊರೆನ್ ಬಿ45 ತಗೊಳ್ಳಿ ಅಂದರು. ಅಂಗಡಿಯವರು ಯಮಹಾ 4ಸಿ ಸಾಕು ಅಂದರು. ಯೂಟ್ಯೂಬ್‌ನಲ್ಲಿ ಒಬ್ಬರು ವ್ಯಾಂಡೊರೆನ್‌ನದೇ ಎಂ13 ಬಿಟ್ಟು ಬೇರೆ ಮುಟ್ಟಲೇಬೇಡಿ ಅನ್ನುತ್ತಾರೆ. ಬಜೆಟ್ ಐದು ಸಾವಿರ. ತೀರಾ ಒಳ್ಳೆಯದಾದರೆ ಇನ್ನಷ್ಟು ಹಾಕಬಲ್ಲೆ. ಈ ನಂಬರುಗಳ ಅರ್ಥ ಏನು? ಯಾವುದು ತಗೊಂಡರೆ ಈ ಕಿರುಚಾಟ ನಿಲ್ಲುತ್ತದೆ?

ಬ್ಯಾಂಡ್‌ಸೆಟ್_ಮೊಮ್ಮಗ, ಹಾಸನ

ಸರ್, ಈಗಲೇ ಜೇಬಿಗೆ ಕೈ ಹಾಕಬೇಡಿ. ಮೌತ್‌ಪೀಸಿಗೆ ಕಟ್ಟುವ ರೀಡ್, ಅದೇ ಊದಿದರೆ ಅದಿರುವ ತೆಳು ಪಟ್ಟಿ, ಯಾವ ಕಂಪನಿ? ಅದರ ಗಟ್ಟಿತನದ ನಂಬರ್ ಎಷ್ಟು? ಮೌತ್‌ಪೀಸಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದ್ದೀರಾ? ಏನು ನುಡಿಸಬೇಕು ಅಂತ ಆಸೆ?

ನಮ್ಮ ತಾತ ಮದುವೆ ಬ್ಯಾಂಡ್‌ಸೆಟ್‌ನಲ್ಲಿ ಊದುತ್ತಿದ್ದವರು. ಹೊಸ ಹುಡುಗರು ಸ್ವರ ಬರಲ್ಲ ಅಂತ ದೂರಿದರೆ ಅವರ ವಾದ್ಯ ಈಸಿಕೊಂಡು ತಾವೇ ಊದಿ ನೋಡುತ್ತಿದ್ದರು. ಸ್ವರ ಬಂದರೆ ವಾದ್ಯ ವಾಪಸ್ಸು, ಜೊತೆಗೆ ಬೈಗುಳ ಫ್ರೀ. ನೀವೂ ಹಾಗೇ ಮಾಡಿ. ಮೇಷ್ಟ್ರ ಕೈಗೆ ಕೊಟ್ಟು ನಿಮ್ಮ ಮೌತ್‌ಪೀಸಿನಲ್ಲೇ ಊದಿಸಿ. ತೊಳೆದು ಕೊಡಿ, ರೀಡ್ ಅವರದೇ ಇರಲಿ. ಅವರಿಗೂ ಕಿರುಚಿದರೆ ತಪ್ಪು ಸಾಮಾನಿನದು. ಇಲ್ಲದಿದ್ದರೆ ಯಾರದು ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ.

ಓಹಾಯೋ_ಅತ್ತಿಗೆ

ನಾನು ಶುರು ಮಾಡಿದ್ದು 39ಕ್ಕೆ. ಮಗಳ ಸ್ಕೂಲ್ ಬ್ಯಾಂಡಿಗೆ ಅಂತ ವಾದ್ಯ ಬಂತು. ಅವಳು ಎರಡೇ ವರ್ಷಕ್ಕೆ ಬಿಟ್ಟಳು, ವಾದ್ಯ ನನ್ನ ಪಾಲಿಗೆ ಉಳಿಯಿತು. ಈಗ ಇಲ್ಲಿಯ ಊರಿನ ಬ್ಯಾಂಡಿನಲ್ಲಿ ಮೂರನೇ ಕ್ಲಾರಿನೆಟ್ ಸಾಲಿನಲ್ಲಿ ಕೂರುತ್ತೇನೆ. ನಂಬರ್ ವಿಷಯ ನನಗೆ ಬಿಡಿ, ಇದರಲ್ಲಿ ದುಡ್ಡು ಕಳೆದುಕೊಂಡು ಕಲಿತಿದ್ದೇನೆ.

ರೀಡ್ ಕಟ್ಟಿದ ಮೌತ್‌ಪೀಸನ್ನು ಪಕ್ಕದಿಂದ ನೋಡಿ. ಕೆಳಗೆ ಒಂದು ಚಪ್ಪಟೆ ಜಾಗಕ್ಕೆ ರೀಡ್ ಪೂರ್ತಿ ಅಂಟಿಕೊಂಡಿರುತ್ತದೆ. ಅದು ಟೇಬಲ್. ಮೇಲೆ ಹೋಗುತ್ತಾ ಮೌತ್‌ಪೀಸ್ ಮೆಲ್ಲಗೆ ಬಾಗಿ ರೀಡಿನಿಂದ ದೂರ ಸರಿಯುತ್ತದೆ. ತುದಿಯಲ್ಲಿ ಉಳಿಯುವ ಸಂದಿ ಟಿಪ್ ಓಪನಿಂಗ್. ಬಾಗು ಶುರುವಾಗುವ ಕಡೆಯಿಂದ ತುದಿಯವರೆಗಿನ ಉದ್ದ ಫೇಸಿಂಗ್. ಒಳಗಿನ ಹೊಟ್ಟೆ, ಬ್ಯಾಫಲ್, ಬೋರ್ ಅಂತ ಇನ್ನೂ ಏನೇನೋ ಇವೆ. ಹೊಸಬರಿಗೆ ಸದ್ಯಕ್ಕೆ ಈ ಎರಡು ಅಳತೆ ಸಾಕು.

4ಸಿ ಸಂದಿ 1.05 ಮಿ.ಮೀ., ಫೇಸಿಂಗ್ 19 ಮಿ.ಮೀ. ವ್ಯಾಂಡೊರೆನ್ 5ಆರ್‌ವಿ ಸಂದಿ 1.065. ಎಂ13 ಸುಮಾರು 1.00. ಬಿ45 ಬಂದು 1.195. ಅಂದರೆ 4ಸಿಗೂ ಬಿ45ಗೂ ನಡುವೆ ಇರುವುದು ಒಂದೂವರೆ ಜೆರಾಕ್ಸ್ ಹಾಳೆಯ ದಪ್ಪ. ನಗಬೇಡಿ, ಆ ಒಂದೂವರೆ ಹಾಳೆ ತುಟಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಸಂದಿ ದೊಡ್ಡದಿದ್ದರೆ ರೀಡ್ ಜಾಸ್ತಿ ದೂರ ಆಡಬೇಕು. ಅಲ್ಲಿಗೆ ಗಟ್ಟಿ ರೀಡ್ ಹಾಕಿದಿರೋ, ಬರೀ ಗಾಳಿ ಸದ್ದು, ಹತ್ತು ನಿಮಿಷಕ್ಕೆ ಕೆನ್ನೆ ಸೋತುಹೋಗುತ್ತದೆ. ಸಂದಿ ಚಿಕ್ಕದಿದ್ದು ರೀಡ್ ತೀರಾ ಮೆತ್ತಗಿದ್ದರೆ ಅದು ತುದಿಗೆ ಹೋಗಿ ಮುಚ್ಚಿಕೊಂಡುಬಿಡುತ್ತದೆ. ಸ್ವರ ಉಸಿರುಕಟ್ಟಿದ ಹಾಗೆ ನಿಲ್ಲುತ್ತದೆ. ಅದಕ್ಕೇ ದೊಡ್ಡ ಸಂದಿಗೆ ಮೆತ್ತಗಿನ ರೀಡ್, ಚಿಕ್ಕ ಸಂದಿಗೆ ಗಟ್ಟಿ ರೀಡ್. ಎಂ13 ಊದುವವರು ಸಾಮಾನ್ಯವಾಗಿ ಮೂರೂವರೆ, ನಾಲ್ಕು ನಂಬರ್ ರೀಡ್ ಹಾಕುತ್ತಾರೆ. ಎರಡು ತಿಂಗಳ ತುಟಿಗೆ ಆ ರೀಡ್ ಆಗಿಬರುವುದಿಲ್ಲ. ಯೂಟ್ಯೂಬ್‌ನವರು ಸುಳ್ಳು ಹೇಳಿಲ್ಲ. ಅವರ ಬಾಯಿಗೆ ಹೊಂದಿದ್ದನ್ನು ಹೇಳಿದ್ದಾರೆ, ಅಷ್ಟೇ.

ನನ್ನ ಮತ 4ಸಿ, ಜೊತೆಗೆ ಎರಡು ಅಥವಾ ಎರಡೂವರೆ ನಂಬರ್ ರೀಡ್. ಯಾಕೆಂದರೆ ಅದು ಮಧ್ಯದಲ್ಲಿದೆ, ಕಡಿಮೆ ಬೆಲೆ, ಒಂದು 4ಸಿಗೂ ಇನ್ನೊಂದು 4ಸಿಗೂ ವ್ಯತ್ಯಾಸ ಕಮ್ಮಿ. ಬಿ45 ಅದರ ಮೂರು ಪಟ್ಟಾದರೂ ಆಗುತ್ತದೆ. ಮುಂದೆ ನಿಮ್ಮ ಬಾಯಿ ಏನು ಕೇಳುತ್ತದೆ ಅಂತ ಇವತ್ತು ನಿಮಗೇ ಗೊತ್ತಿಲ್ಲ. ಅಷ್ಟು ದುಡ್ಡನ್ನು ಆಗ ಹಾಕಿ.

ರಾಯಚೂರು_ಬಿಸಿಲು

ಅಕ್ಕಾವರೇ, ಅರ್ಧ ಒಪ್ಪುತ್ತೇನೆ, ಅರ್ಧ ಇಲ್ಲ. ನೀವು ಹೇಳುತ್ತಿರುವುದು ಕಾಗದ ನೋಡಿಕೊಂಡು ನುಡಿಸುವ ಬ್ಯಾಂಡಿನ ಲೆಕ್ಕ. ನಮ್ಮ ಊರಿನ ಪಂಡಿತ್ ನರಸಿಂಹಲು ವಡವಾಟಿಯವರ ಕ್ಲಾರಿನೆಟ್ ಕೇಳಿ. ಅದು ಹಾಡುತ್ತದೆ. ಸ್ವರದಿಂದ ಸ್ವರಕ್ಕೆ ಜಾರುತ್ತದೆ. ಕರ್ನಾಟಕ ಸಂಗೀತದ ಕಡೆ ತಿರುಚ್ಚಿಯ ಎ.ಕೆ.ಸಿ. ನಟರಾಜನ್ ಅವರ ರೆಕಾರ್ಡಿಂಗ್ ಕೇಳಿ, ಗಮಕ ನಾಗಸ್ವರದ ಹಾಗೆ ಬರುತ್ತದೆ. ಅಲ್ಲಿ ಬೆರಳು ಅರ್ಧ ಸರಿಸುವುದು ಒಂದು ಕಡೆ, ತುಟಿ ಸಡಿಲ ಬಿಟ್ಟು ಬಿಗಿ ಮಾಡುವುದು ಇನ್ನೊಂದು ಕಡೆ. ಸಂದಿ ದೊಡ್ಡದಾಗಿ ರೀಡ್ ಮೆತ್ತಗಿದ್ದರೆ ತುಟಿಯಿಂದ ಸ್ವರ ಬಗ್ಗಿಸುವುದು ಸುಲಭ. ಚಿಕ್ಕ ಸಂದಿ, ಗಟ್ಟಿ ರೀಡ್ ಅಂದರೆ ಸ್ವರ ಗೂಟ ಹೊಡೆದ ಹಾಗೆ ನಿಲ್ಲುತ್ತದೆ. ಬ್ಯಾಂಡಿಗೆ ಅದು ಬೇಕು, ಸ್ವರ ಜಾರಿಸುವ ಮೀಂಡ್‌ಗೆ ಬೇಡ.

ಅವರ ಮೇಷ್ಟ್ರು ಬಿ45 ಅಂದಿದ್ದಕ್ಕೆ ಇದೇ ಕಾರಣ ಇರಬಹುದು. ಒಂದು ಮಾತು ಕೇಳಿ ನೋಡ್ರಿ.

ಓಹಾಯೋ_ಅತ್ತಿಗೆ

ನಿಮ್ಮ ಮಾತು ನ್ಯಾಯ. ಆದರೆ ಬಗ್ಗಿಸುವುದಕ್ಕೆ ಮೊದಲು ಸ್ವರ ನೇರವಾಗಿ ನಿಲ್ಲಬೇಕಲ್ಲ. ಹೊಸಬರ ಕೈಯಲ್ಲಿ ದೊಡ್ಡ ಸಂದಿ ಕೊಟ್ಟರೆ ಅವರು ಬಗ್ಗಿಸುವುದಿಲ್ಲ, ಅದೇ ಬಗ್ಗುತ್ತದೆ. ಆಮೇಲೆ ಅದನ್ನು ಹಿಡಿಯಲು ಹಲ್ಲು ಕಚ್ಚುತ್ತಾರೆ. ನಾನು ಮಾಡಿದ್ದೇ ಅದು.

ತಡವಾಗಿ_ಬಂದವ

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಒಂದೊಂದಾಗಿ ಹೇಳುತ್ತೇನೆ.

ರೀಡ್ ವ್ಯಾಂಡೊರೆನ್, ನೀಲಿ ಡಬ್ಬಿ, ನಂಬರ್ 3. ಯಾಕೆ ಮೂರು ಅಂತ ಕೇಳಬೇಡಿ. ಸರಿ, ಕೇಳಿ. ಒಂದರಿಂದ ಐದರವರೆಗೆ ಇತ್ತು, ಮಧ್ಯದ್ದು ಸೇಫ್ ಅಂತ ತಗೊಂಡೆ.

ನುಡಿಸಲು ಆಸೆ ಇರುವುದು ಹಳೆಯ ಸಿನಿಮಾ ಹಾಡು, ನಾಲ್ಕು ದೇವರನಾಮ. ವೇದಿಕೆ ಆಸೆ ಇಲ್ಲ. ಮೀಂಡ್ ಅಂತ ಬಂದರೆ ಬೇಡ ಅನ್ನಲ್ಲ.

ತುದಿಯನ್ನು ಟಾರ್ಚ್ ಹಾಕಿ ನೋಡಿದೆ. ಎಡ ಮೂಲೆಯಲ್ಲಿ ಅರ್ಧ ಎಳ್ಳಿನಷ್ಟು ಚಕ್ಕೆ ಎದ್ದಿದೆ. ಇಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ಲ. ಉಗುರು ಆಡಿಸಿದರೆ ತಡೆಯುತ್ತದೆ. ಮಾರಿದವರು ಕಂಡೀಷನ್ ಎ ಒನ್ ಅಂದಿದ್ದರು. ಪಾಪ, ಅವರೂ ಊದುವವರಲ್ಲ.

ಬ್ಯಾಂಡ್‌ಸೆಟ್_ಮೊಮ್ಮಗ

ಹಾಗಾದರೆ ಅಂಗೈ ಪರೀಕ್ಷೆ ಮಾಡಿ. ರೀಡ್ ಚೆನ್ನಾಗಿ ನೆನೆಸಿ ಕಟ್ಟಿ. ಮೌತ್‌ಪೀಸ್ ಒಂದನ್ನೇ ಕೈಗೆ ತಗೊಂಡು ಹಿಂದಿನ ತೂತನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ. ಬಾಯಲ್ಲಿಟ್ಟು ಒಳಗಿನ ಗಾಳಿ ಎಳೆದು ಬಿಡಿ. ಎಲ್ಲ ಸರಿ ಇದ್ದರೆ ರೀಡ್ ತುದಿಗೆ ಅಂಟಿಕೊಂಡು ಒಂದೆರಡು ಕ್ಷಣ ನಿಂತು, ಆಮೇಲೆ ಟಪ್ ಅಂತ ಬಿಡುತ್ತದೆ. ಅಂಟುವುದೇ ಇಲ್ಲ ಅಂದರೆ ಗಾಳಿ ಎಲ್ಲೋ ಸೋರುತ್ತಿದೆ. ಒಂದೇ ರೀಡಿನಲ್ಲಿ ನೋಡಿ ತೀರ್ಮಾನ ಮಾಡಬೇಡಿ. ಹಳೆಯ ರೀಡ್ ಡೊಂಕಾಗಿದ್ದರೂ ಸೋರುತ್ತದೆ. ಮೂರು ಹಾಕಿ ನೋಡಿ.

ರೀಡ್ ಕಟ್ಟುವಾಗ ತುದಿಯಲ್ಲಿ ಮೌತ್‌ಪೀಸಿನ ಕಪ್ಪು ಅಂಚು ಒಂದು ಕೂದಲೆಳೆಯಷ್ಟು ಮಾತ್ರ ಕಾಣಬೇಕು. ರೀಡನ್ನು ಹಿಡಿದಿಡುವ ಲಿಗೇಚರ್‌ನ ತಿರುಪನ್ನು ನಲ್ಲಿ ಬಿಗಿದ ಹಾಗೆ ಬಿಗಿಯಬೇಡಿ.

ಕಡಲಬದಿ, ಉಡುಪಿ

ಇನ್ನೊಂದು ಪರೀಕ್ಷೆ ಉಂಟು ಮಾರಾಯ್ರೆ. ಮನೆಯಲ್ಲಿ ಹಾರ್ಮೋನಿಯಂ ಇದೆಯಾ? ಇಲ್ಲದಿದ್ದರೆ ಫೋನಿನಲ್ಲಿ ಟ್ಯೂನರ್ ಹಾಕಿ.

ಮೌತ್‌ಪೀಸ್ ಮತ್ತು ಅದರ ಕೆಳಗಿನ ಗಿಡ್ಡ ತುಂಡು, ಅಂದರೆ ಬ್ಯಾರಲ್, ಇಷ್ಟೇ ಸೇರಿಸಿ ಊದಿ. ಉಳಿದ ಕೊಳವೆ ಬೇಡ. ಬರುವ ಸ್ವರ ಎಫ್ ಶಾರ್ಪ್ ಆಸುಪಾಸು ಇರಬೇಕು. ನಮ್ಮ ಯಕ್ಷಗಾನದ ಭಾಷೆಯಲ್ಲಿ ಹೇಳುವುದಾದರೆ ಕಪ್ಪು 3, ಹಾರ್ಮೋನಿಯಂನ ಮೂರನೇ ಕಪ್ಪು ಮನೆ. ಅದಕ್ಕಿಂತ ಮೇಲೆ ಹೋದರೆ ನೀವು ಕಚ್ಚುತ್ತಿದ್ದೀರಿ. ಕೆಳಗೆ ಬಿದ್ದರೆ ತುಟಿ ಸಡಿಲ. ಅಲುಗಾಡದೆ ಹತ್ತು ಎಣಿಸುವಷ್ಟು ಹೊತ್ತು ಕಪ್ಪು 3ರಲ್ಲಿ ನಿಲ್ಲಿಸುವುದನ್ನು ಅಭ್ಯಾಸ ಮಾಡಿ. ಇದಾಗದೆ ಮೌತ್‌ಪೀಸ್ ಬದಲಾಯಿಸಿದರೆ ಹಳೇ ಚಾಳಿ ಹೊಸ ಮೌತ್‌ಪೀಸಿಗೆ ಬರುತ್ತದೆ.

ನಾನು ಮೊದಲು ಸ್ಯಾಕ್ಸೋಫೋನ್ ಊದಿದವ. ನಮ್ಮ ಜಿಲ್ಲೆಗಳಲ್ಲಿ ಕದ್ರಿ ಗೋಪಾಲನಾಥರ ಪ್ರಭಾವ ಅಂದರೆ ಕೇಳಬೇಕಾ, ಮದುವೆಗೆ ಸ್ಯಾಕ್ಸೋಫೋನ್ ಇಲ್ಲದಿದ್ದರೆ ಮದುವೆ ಅನ್ನಿಸುವುದಿಲ್ಲ. ಅವರಿಗೂ ಆ ವಾದ್ಯದ ಹುಚ್ಚು ಹಿಡಿದದ್ದು ನಿಮ್ಮ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ನೋಡಿಯೇ. ಸ್ಯಾಕ್ಸೋಫೋನಿನಿಂದ ಕ್ಲಾರಿನೆಟ್‌ಗೆ ಬಂದಾಗ ನನಗೆ ಆದ ಕಷ್ಟ ಇದೇ. ಅಲ್ಲಿ ತುಟಿ ಮೆತ್ತಗಿದ್ದರೂ ನಡೆಯುತ್ತದೆ, ಇಲ್ಲಿ ಕಪ್ಪು 3ಕ್ಕೆ ಹತ್ತುವುದೇ ಇಲ್ಲ.

ತಡವಾಗಿ_ಬಂದವ

ಅಂಗೈ ಪರೀಕ್ಷೆ: ಮೂರು ರೀಡಿನಲ್ಲೂ ಟಪ್ ಇಲ್ಲ. ಎಳೆದ ಕೂಡಲೇ ಪುಸ್.

ಹಾರ್ಮೋನಿಯಂ ಪರೀಕ್ಷೆ: ಅಮ್ಮನ ಹಳೆಯ ಪೆಟ್ಟಿಗೆ ಅಟ್ಟದಿಂದ ಇಳಿಸಿದೆ. ನನ್ನ ಸ್ವರ ಕಪ್ಪು 3 ದಾಟಿ ಬಿಳಿ 5ರ ಹತ್ತಿರ ಹೋಗಿ ನಿಂತಿದೆ. ಕಚ್ಚುವುದು ಬಿಟ್ಟರೆ ಕಪ್ಪು 3ಕ್ಕೆ ಇಳಿಯುತ್ತದೆ, ಆದರೆ ಮುಕ್ಕಾಲು ಪಾಲು ಗಾಳಿ ಸದ್ದು. ಕನ್ನಡಿಯಲ್ಲಿ ನೋಡಿಕೊಂಡೆ, ಕೆಳತುಟಿಯ ಒಳಗೆ ಹಲ್ಲಿನ ಗುರುತು ಎದ್ದು ಕಾಣುತ್ತಿದೆ.

ಓಹಾಯೋ_ಅತ್ತಿಗೆ

ಗೊತ್ತಾಯಿತಲ್ಲ. ಒಡೆದ ಮೂಲೆ, ಗಟ್ಟಿ ರೀಡ್, ಅದನ್ನು ಅಲುಗಿಸಲು ಹಲ್ಲಿನ ಒತ್ತಡ. ಇವುಗಳ ಮಧ್ಯೆ ಬಿ45 ಏನು ಮಾಡುತ್ತದೆ ಪಾಪ. ಮೌತ್‌ಪೀಸ್ ಬದಲಾಯಿಸಲೇಬೇಕು, ಒಪ್ಪಿದೆ. ಆದರೆ ರೀಡ್ ಎರಡಕ್ಕೆ ಇಳಿಯಬೇಕು.

ಇನ್ನು ಬಾಯಲ್ಲಿ ಎಷ್ಟು ಇಟ್ಟುಕೊಳ್ಳಬೇಕು ಅಂತ ಯಾರೂ ಹೇಳಲಿಲ್ಲ. ಒಂದು ತೆಳು ಕಾಗದದ ಚೂರನ್ನು ರೀಡ್ ಮತ್ತು ಮೌತ್‌ಪೀಸಿನ ಸಂದಿಯಲ್ಲಿ ಮೇಲಿನಿಂದ ಮೆಲ್ಲಗೆ ಇಳಿಸಿ. ಎಲ್ಲಿ ತಡೆದು ನಿಲ್ಲುತ್ತದೋ ಅಲ್ಲಿ ರೀಡ್ ಟೇಬಲಿಗೆ ಸೇರುತ್ತದೆ. ನಿಮ್ಮ ಕೆಳತುಟಿ ಒತ್ತಬೇಕಾದ ಜಾಗ ಅದೇ. ಬೆರಳಿನ ಉಗುರನ್ನು ಅಲ್ಲಿಟ್ಟುಕೊಂಡು, ತುಟಿ ಉಗುರಿಗೆ ತಾಕುವವರೆಗೆ ಬಾಯಿಗೆ ತಗೊಳ್ಳಿ. ಹೆಚ್ಚಿನವರು ತುದಿಯನ್ನು ಮಾತ್ರ ಕಚ್ಚಿಕೊಂಡು ಊದುತ್ತಾರೆ. ಕಾಗದ ನಿಂತ ಜಾಗ ದಾಟಿ ಬಾಯಿಗೆ ತಗೊಂಡರೆ ಕಿರುಚುತ್ತದೆ, ಅದಕ್ಕಿಂತ ಕಮ್ಮಿ ತಗೊಂಡರೆ ಸೊಳ್ಳೆ ಸ್ವರ. ಹೊಸ ಮೌತ್‌ಪೀಸ್ ಬಂದಾಗ ಮತ್ತೆ ನೋಡಿ, ಫೇಸಿಂಗ್ ಉದ್ದ ಬದಲಾದರೆ ಆ ಜಾಗವೂ ಬದಲಾಗುತ್ತದೆ.

ಮತ್ತೆ, ರಿಜಿಸ್ಟರ್ ಕೀ ಒತ್ತಿದಾಗ ಕಿರುಚುವುದಕ್ಕೆ ಅರ್ಧ ಕಾರಣ ಬೆರಳು. ಗಂಟಲು ಸ್ವರ ಅನ್ನುವ, ರಿಜಿಸ್ಟರ್ ಕೀ ಒತ್ತುವ ಮೊದಲಿನ ಮೇಲಿನ ಸ್ವರಗಳಲ್ಲಿ ಒಂದಾದ ಎ ನುಡಿಸುವಾಗ ಬೆರಳುಗಳು ಬಹುತೇಕ ಖಾಲಿ. ಪಕ್ಕದ ಬಿ ಸ್ವರಕ್ಕೆ ಹೋಗಲು ಎಲ್ಲ ತೂತೂ ಒಟ್ಟಿಗೆ ಮುಚ್ಚಬೇಕು. ಒಂದು ಬೆರಳು ಅಂಚಿನಲ್ಲಿ ತಪ್ಪಿದರೂ ಕೀಚ್. ಹಾಗಾಗಿ ಎ ಕಡೆಯಿಂದ ಹೋಗಬೇಡಿ. ತೀರಾ ಕೆಳಗಿನ ಇ ಸ್ವರ ಹಿಡಿಯಿರಿ, ಎಲ್ಲ ಬೆರಳು ಕೂತಿರಲಿ, ಅದನ್ನು ಊದುತ್ತಾ ಹೆಬ್ಬೆರಳನ್ನು ಸುಮ್ನೆ ರಿಜಿಸ್ಟರ್ ಕೀಗೆ ಒರಗಿಸಿ. ಕ್ಲಾರಿನೆಟ್ ಕೊಳಲಿನ ಹಾಗೆ ಎಂಟನೇ ಸ್ವರಕ್ಕೆ ಹಾರುವುದಿಲ್ಲ, ಹನ್ನೆರಡನೆಯದಕ್ಕೆ ಹಾರುತ್ತದೆ. ಇ ಇದ್ದದ್ದು ಬಿ ಆಗುತ್ತದೆ. ತುಟಿ ಬದಲಾಯಿಸದೆ ಇದು ಬಂದರೆ ಮೌತ್‌ಪೀಸ್, ರೀಡ್ ಎರಡೂ ಸರಿ ಇವೆ ಅಂತ ತಿಳಿಯಿರಿ.

ದಂತ_ಕಥೆ

ನಾನು ವಾದ್ಯದವಳಲ್ಲ, ಹಲ್ಲಿನ ಡಾಕ್ಟ್ರು. ತಮ್ಮ ಕ್ಲಾರಿನೆಟ್ ಊದುತ್ತಾನೆ, ಅವನಿಂದಾಗಿ ಇಲ್ಲಿ ಓದುತ್ತಿರುತ್ತೇನೆ.

ನಲವತ್ತು ದಾಟಿದವರು ಒಂದು ವಿಷಯ ಮರೆಯುತ್ತಾರೆ. ಮೇಲಿನ ಮುಂದಿನ ಹಲ್ಲುಗಳು ನೇರವಾಗಿ ಮೌತ್‌ಪೀಸಿನ ಮೇಲೆ ಕೂರುತ್ತವೆ. ಕ್ಯಾಪ್ ಹಾಕಿಸಿದ ಹಲ್ಲು, ಒಸಡು ಸವೆದು ಸ್ವಲ್ಪ ಅಲುಗುವ ಹಲ್ಲು ಇದ್ದರೆ ಶುರು ಮಾಡುವ ಮೊದಲೇ ತೋರಿಸಿಕೊಳ್ಳಿ. ಹೋಗುವಾಗ ವಾದ್ಯ ತಗೊಂಡು ಹೋಗಿ. ಬಾಯಲ್ಲಿ ಎಲ್ಲಿ ಒತ್ತುತ್ತದೆ ಅಂತ ಕಣ್ಣಾರೆ ಕಂಡರೆ ಹೇಳುವುದು ಸುಲಭ. ಮೌತ್‌ಪೀಸ್ ಮೇಲೆ ಅಂಟಿಸುವ ರಬ್ಬರ್ ಪ್ಯಾಚ್ ಸಿಗುತ್ತದೆ. ನನ್ನ ತಮ್ಮ 0.8 ಮಿ.ಮೀ. ದಪ್ಪದ್ದು ಹಾಕಿದ್ದಾನೆ. ತಲೆಬುರುಡೆಗೆ ಬರುವ ನಡುಕ ಕಮ್ಮಿ ಆಗುತ್ತದೆ, ಹಲ್ಲು ಜಾರುವುದಿಲ್ಲ, ಮೌತ್‌ಪೀಸಿಗೆ ಗೀರು ಬೀಳುವುದಿಲ್ಲ. ಬೆಲೆಯೂ ದೊಡ್ಡದಲ್ಲ.

ಕೆಳತುಟಿಯ ಒಳಗೆ ಗುರುತು ಅಂದಿರಲ್ಲ, ಅದು ಹುಣ್ಣಾಗುವವರೆಗೆ ಹಟ ಮಾಡಬೇಡಿ. ಎರಡು ದಿನ ಬಿಡುವು ಕೊಡಿ.

ಓಹಾಯೋ_ಅತ್ತಿಗೆ

ಡಾಕ್ಟ್ರು ಹೇಳಿದ್ದು ಒಳ್ಳೆಯದಾಯಿತು. ಮೌತ್‌ಪೀಸಿನ ಕೊಕ್ಕಿನ, ಅಂದರೆ ಮೇಲಿನ ಹಲ್ಲು ಕೂರುವ ಭಾಗದ, ಇಳಿಜಾರು ಕೂಡ ಬೇರೆ ಬೇರೆ ಇರುತ್ತದೆ. ವ್ಯಾಂಡೊರೆನ್‌ನಲ್ಲಿ ಪ್ರೊಫೈಲ್ 88 ಅಂತ ಬರೆದದ್ದರ ಕೊಕ್ಕು ತೆಳ್ಳಗೆ. ಬಾಯಿ ಜಾಸ್ತಿ ತೆರೆಯಲಾಗದವರಿಗೆ ಅದು ಆರಾಮ. ಪ್ಯಾಚ್ ದಪ್ಪ ಇದ್ದಷ್ಟೂ ಬಾಯಿ ಇನ್ನಷ್ಟು ತೆರೆಯಬೇಕಾಗುತ್ತದೆ, ಅದನ್ನೂ ಲೆಕ್ಕಕ್ಕಿಡಿ.

ಮಳೆ_ಹಿಡಿದ_ರೀಡ್, ತೀರ್ಥಹಳ್ಳಿ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಅಟ್ಟದಲ್ಲೂ ಅಜ್ಜನ ಕಾಲದ ಮರದ ಕ್ಲಾರಿನೆಟ್ ಇದೆ. ಕೀಗಳು ಕಮ್ಮಿ, ಮೌತ್‌ಪೀಸ್ ಕಳೆದುಹೋಗಿದೆ. ಅದಕ್ಕೂ ಈ 4ಸಿ ಹಾಕಬಹುದಾ?

ಬ್ಯಾಂಡ್‌ಸೆಟ್_ಮೊಮ್ಮಗ

ಅದು ಆಲ್ಬರ್ಟ್ ಸಿಸ್ಟಂ, ಅಂದರೆ ಹಳೇ ಕೀ ಜೋಡಣೆ, ಇರಬೇಕು. ತಾತನದೂ ಅದೇ. ವಾದ್ಯದ ಮೈಮೇಲೆ ಎಚ್‌ಪಿ ಅಂತ ಅಚ್ಚು ಹೊಡೆದಿದೆಯಾ ನೋಡಿ. ಹೈ ಪಿಚ್ ಅಂತ ಅರ್ಥ. ಬ್ರಿಟಿಷ್ ಮಿಲಿಟರಿ ಬ್ಯಾಂಡುಗಳ ಹಳೇ ಶ್ರುತಿ, ಎ ಸ್ವರ ಸುಮಾರು 452 ಹರ್ಟ್ಸ್. ಈಗಿನದು 440. ತಾತನ ವಾದ್ಯಕ್ಕೆ ನಾನು ಹೊಸ ಮೌತ್‌ಪೀಸ್ ಹಾಕಿ ಕೀಬೋರ್ಡ್ ಜೊತೆ ನುಡಿಸಲು ಹೋದೆ. ಪ್ರತಿ ಸ್ವರವೂ ಎರಡು ಮನೆಗಳ ನಡುವಿನ ಗೋಡೆ ಮೇಲೆ ಕೂತ ಹಾಗೆ. ಬ್ಯಾರಲ್ ಹೊರಕ್ಕೆ ಎಳೆದರೆ ಒಂದು ಸ್ವರ ಸರಿಹೋಗುತ್ತದೆ, ಇನ್ನೊಂದು ಕೆಡುತ್ತದೆ. ಬ್ಯಾಂಡ್‌ಸೆಟ್‌ನಲ್ಲಿ ಎಲ್ಲರ ವಾದ್ಯವೂ ಅದೇ ಶ್ರುತಿಯದ್ದು, ಹಾಗಾಗಿ ಗೊತ್ತಾಗುತ್ತಿರಲಿಲ್ಲ.

ಹಳೆಯದರ ಒಳ ಬೋರ್ ಅಳತೆ, ಮೌತ್‌ಪೀಸ್ ಕೂರುವ ಗೂಡಿನ ಅಳತೆ ಎರಡೂ ಬೇರೆ ಇರಬಹುದು. ವಾದ್ಯ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಆನ್‌ಲೈನ್ ತರಿಸಬೇಡಿ.

ರಾಯಚೂರು_ಬಿಸಿಲು

ಸೆಕೆಂಡ್ ಹ್ಯಾಂಡ್ ಮೌತ್‌ಪೀಸ್ ತಗೊಳ್ಳುವವರಿಗೆ ನನ್ನ ದಡ್ಡತನದ ಕಥೆ. ಒಳ್ಳೆಯ ಎಬೊನೈಟ್ ಮೌತ್‌ಪೀಸ್ ಸಿಕ್ಕಿತು. ಬೇರೆಯವರ ಎಂಜಲು ಅಲ್ವಾ, ಹಾಲಿನ ಬಾಟಲಿ ಕುದಿಸಿದ ಹಾಗೆ ಕುದಿಯುವ ನೀರಲ್ಲಿ ಅದ್ದಿದೆ. ಹೊರತೆಗೆದಾಗ ಕಪ್ಪು ಬಣ್ಣ ಹೋಗಿ ಖಾಕಿ ಆಗಿತ್ತು. ಮನೆ ತುಂಬ ದೀಪಾವಳಿ ಪಟಾಕಿ ವಾಸನೆ. ಎಬೊನೈಟ್ ಅಂದರೆ ರಬ್ಬರಿಗೆ ಗಂಧಕ ಹಾಕಿ ಗಟ್ಟಿ ಮಾಡಿದ್ದು. ಬಿಸಿ ತಾಗಿದರೆ ಗಂಧಕ ಹೊರಗೆ ಬರುತ್ತದೆ, ಟೇಬಲ್ ಡೊಂಕಾಗುತ್ತದೆ. ಬಿಸಿಲಿಗೂ ಹಾಗೇ, ನಮ್ಮ ಊರಿನ ಬಿಸಿಲಲ್ಲಿ ಕಾರಿನೊಳಗೆ ಬಿಟ್ಟರೆ ಮುಗೀತು. ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು, ಮೆತ್ತಗಿನ ಬ್ರಷ್. ಇಷ್ಟೇ ಸಾಕು.

ಅಂಗಡಿಯಲ್ಲಿ ಗಾಜಿನ ಮೌತ್‌ಪೀಸ್ ತೋರಿಸಿದರೆ ಕೈಯಲ್ಲಿ ಹಿಡಿದು ಚೆಂದ ನೋಡಿ, ವಾಪಸ್ ಇಡಿ. ಒಮ್ಮೆ ಕೈಜಾರಿದರೆ ಕಥೆ ಮುಗಿಯಿತು.

ತಡವಾಗಿ_ಬಂದವ

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಭಾನುವಾರ ಬೆಂಗಳೂರಿಗೆ ಹೋಗಿದ್ದೆ, ಮಗನೂ ಜೊತೆಗಿದ್ದ. ವಾದ್ಯ, ಎರಡು ನಂಬರಿನ ಹೊಸ ರೀಡ್ ತಗೊಂಡು ಹೋದೆ. ಅಂಗಡಿಯವರು ಒಳ್ಳೆಯವರು. 4ಸಿ, 5ಆರ್‌ವಿ ಲೈರ್ (5ಆರ್‌ವಿಯ ಇನ್ನೊಂದು ಮಾದರಿ), ಬಿ45 ಮೂರನ್ನೂ ಒರೆಸಿ ಮೇಜಿನ ಮೇಲಿಟ್ಟರು. ಮಗನಿಗೆ ಬೆನ್ನು ತಿರುಗಿಸಿ ನಿಲ್ಲು ಅಂದೆ. ಒಂದೇ ರೀಡ್, ಒಂದೇ ಲಿಗೇಚರ್, ಪ್ರತಿಯೊಂದರಲ್ಲೂ ಕೆಳಗಿನ ಐದು ಸ್ವರ, ಆಮೇಲೆ ಇ ಹಿಡಿದು ಹೆಬ್ಬೆರಳು.

ಬಿ45 ಊದಿದ ಕೂಡಲೇ ದನಿ ದೊಡ್ಡದಾಯಿತು. ನನಗೆ ರೋಮಾಂಚನ. ಆದರೆ ಸ್ವರ ನಿಲ್ಲಲಿಲ್ಲ, ಅಲೆದಾಡಿತು. ಹಲ್ಲು ತಾನಾಗಿ ಬಿಗಿಯಾಗಲು ಶುರುವಾಯಿತು, ಅತ್ತಿಗೆ ಹೇಳಿದ ಹಾಗೇ. 5ಆರ್‌ವಿ ಲೈರ್ ಚೆನ್ನಾಗಿತ್ತು. 4ಸಿ ಅದಕ್ಕಿಂತ ಸಪ್ಪೆ, ಆದರೆ ಇಯಿಂದ ಬಿಗೆ ಮೂರು ಸಲವೂ ಹಾರಿತು. ಮಗ ತಿರುಗದೆ ಹೇಳಿದ, ‘ಎರಡನೇದಕ್ಕೂ ಮೂರನೇದಕ್ಕೂ ಏನೂ ವ್ಯತ್ಯಾಸ ಇಲ್ಲ ಅಪ್ಪ. ಮೊದಲನೇದು ಬಾತುಕೋಳಿ.’

ಮೊದಲು ಊದಿದ್ದು ಬಿ45. 4ಸಿ ತಗೊಂಡೆ. ಉಳಿದ ದುಡ್ಡಿಗೆ ಎರಡು ನಂಬರ್ ರೀಡ್ ಒಂದು ಡಬ್ಬಿ, ರಬ್ಬರ್ ಪ್ಯಾಚ್, ಕಾರ್ಕ್ ಗ್ರೀಸ್.

ಮನೆಗೆ ಬಂದ ಮೇಲೆ ಒಂದು ಎಡವಟ್ಟು. ಮೌತ್‌ಪೀಸಿನ ಕಾರ್ಕ್ ದಪ್ಪ, ಬ್ಯಾರಲ್ ಒಳಗೆ ಅರ್ಧಕ್ಕೆ ನಿಂತಿದೆ. ಗ್ರೀಸ್ ಹಚ್ಚಿದರೂ ಹೋಗುತ್ತಿಲ್ಲ. ತಿರುಚಿ ನೂಕಲಾ?

ಬ್ಯಾಂಡ್‌ಸೆಟ್_ಮೊಮ್ಮಗ

ನೂಕಬೇಡಿ! ಬ್ಯಾರಲ್ ಬಿರುಕು ಬಿಡುತ್ತದೆ, ಇಲ್ಲಾ ಸಿಕ್ಕಿಹಾಕಿಕೊಳ್ಳುತ್ತದೆ. ಗ್ರೀಸ್ ಒರೆಸಿ. ತುಂಬ ನುಣುಪು ಎಮರಿ ಪೇಪರನ್ನು ಬೆರಳಗಲ ಕತ್ತರಿಸಿ, ಕಾರ್ಕ್ ಸುತ್ತ ಹೊದಿಸಿ, ಶೂ ಪಾಲಿಶ್ ಮಾಡುವವರು ಬಟ್ಟೆ ಎಳೆಯುವ ಹಾಗೆ ಎಳೆಯಿರಿ. ಹತ್ತು ಸಲ ಎಳೆದು, ಹಾಕಿ ನೋಡಿ. ಮತ್ತೆ ಹತ್ತು ಸಲ. ಒಂದೇ ಕಡೆ ಉಜ್ಜಬೇಡಿ, ಸುತ್ತ ಸಮವಾಗಿ. ತೆಗೆದ ಕಾರ್ಕ್ ವಾಪಸ್ ಬರುವುದಿಲ್ಲ, ಹಾಗಾಗಿ ಅವಸರ ಬೇಡ. ಬಿಗಿಯಾಗಿ, ಆದರೆ ತಿರುಗಿಸಿದರೆ ಹೋಗುವ ಹಾಗಿದ್ದರೆ ನಿಲ್ಲಿಸಿ.

ಕಡಲಬದಿ

ಕಪ್ಪು 3 ಎಲ್ಲಿಗೆ ಬಂತು ಹೇಳಿ ಮಾರಾಯ್ರೆ, ಅದನ್ನು ಹೇಳದೆ ಕಾರ್ಕ್ ಬಗ್ಗೆ ಬರೆದರೆ ಹೇಗೆ.

ತಡವಾಗಿ_ಬಂದವ

ಕಾರ್ಕ್ ಕೂತಿತು, ಮೂವತ್ತು ಎಳೆತಕ್ಕೆ. ಕಪ್ಪು 3 ಕೂಡ ಕೂತಿತು. ಹತ್ತು ಎಣಿಸುವಷ್ಟಿಲ್ಲ, ಆರು. ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಬ್ಯಾರಲ್ ಮಾತ್ರ ಹಿಡಿದು ಐದು ನಿಮಿಷ ಊದುತ್ತೇನೆ. ಹೆಂಡತಿ ಅದಕ್ಕೆ ಹಾಲಿನ ಕುಕ್ಕರ್ ಅಂತ ಹೆಸರಿಟ್ಟಿದ್ದಾಳೆ.

ಇಯಿಂದ ಬಿಗೆ ಹತ್ತರಲ್ಲಿ ಎಂಟು ಸಲ ಬರುತ್ತದೆ. ಎ ಕಡೆಯಿಂದ ಬಿಗೆ ಹೋದರೆ ಇನ್ನೂ ಕೀಚ್. ಬಲಗೈ ಉಂಗುರ ಬೆರಳು ತೂತಿನ ಅಂಚಿನಲ್ಲಿ ಕೂರುತ್ತಿದೆ ಅಂತ ಮೇಷ್ಟ್ರು ಹಿಡಿದರು. ಅದಕ್ಕೆ ಯಾವ ಮೌತ್‌ಪೀಸೂ ಇಲ್ಲವಂತೆ.

ಮೇಷ್ಟ್ರ ವಿಷಯ ಹೇಳಲೇಬೇಕು. ಮೊಮ್ಮಗ ಅವರು ಹೇಳಿದ ಹಾಗೆ ಹಳೆಯ ಮೌತ್‌ಪೀಸ್ ತೊಳೆದು ಅವರ ಕೈಗೆ ಕೊಟ್ಟೆ. ಮೂಲೆ ಒಡೆದಿದ್ದನ್ನು ತೋರಿಸಿದೆ. ಕನ್ನಡಕ ಏರಿಸಿ ನೋಡಿದರು, ತಮ್ಮ ರೀಡ್ ಕಟ್ಟಿದರು, ಕೂತು ಮೋಹನ ರಾಗದಲ್ಲಿ ಒಂದಿಷ್ಟು ನುಡಿಸಿದರು. ಒಂದೇ ಒಂದು ಕೀಚ್ ಇಲ್ಲ. ಮೇಲೆ, ಕೆಳಗೆ, ಎಲ್ಲ ಕಡೆ ಓಡಾಡಿದರು. ನಾನು ಬಾಯಿ ತೆರೆದು ಕೂತಿದ್ದೆ. ಕೊನೆಗೆ ಮೌತ್‌ಪೀಸ್ ಒರೆಸಿ ವಾಪಸ್ ಕೊಡುತ್ತಾ, ‘ಇದು ತುಂಬ ಕೆಟ್ಟದು. ನಾನು ಜಗಳ ಆಡಿಕೊಂಡು ನುಡಿಸಿದೆ. ನಿಮ್ಮ ಕೈಲಿ ಆಗಲ್ಲ’ ಅಂದರು.

ಬಿ45 ಯಾಕೆ ಹೇಳಿದಿರಿ ಅಂತಲೂ ಕೇಳಿದೆ. ಅವರು ಊದುವುದು ಅದನ್ನೇ. ಎರಡು ನಂಬರ್ ರೀಡ್ ಹಾಕಿ. ಬೇರೆ ಯೋಚನೆ ಮಾಡಿರಲಿಲ್ಲವಂತೆ.

ರಾಯಚೂರು_ಬಿಸಿಲು

ನೋಡ್ರಿ, ಬಿ45ಗೆ ಎರಡು ನಂಬರ್! ನಾನು ಹೇಳಿದ್ದು ಅದನ್ನೇ. ಒಂದು ವರ್ಷ ಬಿಟ್ಟು ಅವರ ಮೌತ್‌ಪೀಸ್ ಒಮ್ಮೆ ಕೇಳಿ ಊದಿ. ಆಗ ಮತ್ತೆ ಇಲ್ಲಿ ಬನ್ನಿ, ಜಗಳ ಮುಂದುವರಿಸೋಣ.

ಓಹಾಯೋ_ಅತ್ತಿಗೆ

ನಾನೂ ಇರುತ್ತೇನೆ.

ಬ್ಯಾಂಡ್‌ಸೆಟ್_ಮೊಮ್ಮಗ

ಸರ್, ಆ ಒಡೆದ ಮೌತ್‌ಪೀಸ್ ಎಸೆಯಬೇಡಿ. ತಾತನ ಮೌತ್‌ಪೀಸಿನ ಟೇಬಲ್ ಡೊಂಕಾಗಿದೆ. ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ಅದನ್ನು ಸಮ ಮಾಡುವುದು ಕಲಿಯುತ್ತಿದ್ದೇನೆ. ತಾತನದನ್ನು ಮುಟ್ಟುವ ಮೊದಲು ಕೆಡಿಸಲು ಒಂದು ಬೇಕು. ವಿಳಾಸ ಮೆಸೇಜ್ ಮಾಡಿದ್ದೇನೆ, ಕೊರಿಯರ್ ದುಡ್ಡು ನನ್ನದು.

ತಡವಾಗಿ_ಬಂದವ

ಇವತ್ತು ಹಾಕಿದೆ. ಹಳೇ ಲಿಗೇಚರ್ ಕೂಡ ಅದರಲ್ಲೇ ಇಟ್ಟಿದ್ದೇನೆ. ಮೇಲಿನ ತಿರುಪು ಸವೆದಿದೆ, ನೋಡಿಕೊಳ್ಳಿ.